ಆರುನೂರ ಹನ್ನೆರಡು ಹಾಡುಗಳ ರಿಜಿಸ್ಟರ್

ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಪುಸ್ತಕ ಕೊಟ್ಟು ಸಹಿ ಹಾಕಿಸಿಕೊಂಡವರು, ನಿವೃತ್ತರಾದ ಮೂರನೇ ವಾರಕ್ಕೇ ಕೈಕಟ್ಟಿ ಕೂರಲಾರದೆ ಹೆಂಡತಿಯ ಕಂಪ್ಯೂಟರಿಗೆ ಕೈ ಹಾಕಿದರು. ಅದರಲ್ಲಿ ಆರುನೂರ ಹನ್ನೆರಡು ಹಾಡುಗಳು ಒಂದೇ ಫೋಲ್ಡರಿನಲ್ಲಿ ಬಿದ್ದಿದ್ದವು. ಅಶಿಸ್ತು ಕಂಡರೆ ಅವರಿಗೆ ಮೈಯೆಲ್ಲ ಉರಿ. ಎರಡು ದಿನ ಕೂತು, ಗಾಯಕರಿಗೊಂದರಂತೆ ಫೋಲ್ಡರ್ ಮಾಡಿ, ನಂಬರು ಕೊಟ್ಟು ಎಲ್ಲವನ್ನೂ ಸಾಗಿಸಿದರು. ಹೆಂಡತಿಗೆ ಹೇಳಲಿಲ್ಲ. ತಾನಾಗಿಯೇ ನೋಡಿ ಮೆಚ್ಚಲಿ ಎಂಬ ಆಸೆ.

ಬುಧವಾರ ಮೂರು ಗಂಟೆಗೆ ಅವಳು ನೋಡಿದಳು. ಮಂಡಿನೋವಿನವರಿಗೆ ಐದು ಗಂಟೆಗೆ ಅವಳ ವ್ಯಾಯಾಮದ ಕ್ಲಾಸು. ಭುಜ ತಿರುಗಿಸಲು ಒಂದು ಹಾಡು, ಕುರ್ಚಿಯಿಂದೇಳಲು ಇನ್ನೊಂದು, ಹೀಗೆ ಎರಡು ವರ್ಷ ತೂಗಿ ನೋಡಿ ಆರಿಸಿ ಕಂಪ್ಯೂಟರಿನಲ್ಲಿ ಜೋಡಿಸಿದ ಹನ್ನೊಂದು ಹಾಡುಗಳ ಪಟ್ಟಿ. ಇವತ್ತು ಯಾವುದನ್ನು ಒತ್ತಿದರೂ ಫೈಲ್ ಸಿಗುತ್ತಿಲ್ಲ ಎಂಬ ಒಂದೇ ರಾಗ.

"ರೀ, ಇದಕ್ಕೇನಾಯ್ತು ನೋಡಿ."

"ಹಳೇ ಮಷೀನು ಕಣೇ. ವೈರಸ್ ಇರಬೇಕು."

ಮಾತು ಬಾಯಿಂದ ಜಾರಿತು. ಪಟ್ಟಿ ಹಾಡುಗಳನ್ನು ಹಳೇ ಜಾಗದಲ್ಲೇ ಹುಡುಕುತ್ತಿದೆಯೆಂದು ಅವರಿಗೆ ಆಗಲೇ ಹೊಳೆದಿತ್ತು. ಯಾವ ಹಾಡು ಎಲ್ಲಿಂದ ಎಲ್ಲಿಗೆ ಹೋಯಿತೆಂದು ದುಂಡಗೆ ಬರೆದ ರಿಜಿಸ್ಟರ್ ಅವರ ಡ್ರಾಯರಿನಲ್ಲೇ ಇತ್ತು. ಅದನ್ನು ನೋಡಿ ಹನ್ನೊಂದಕ್ಕೂ ಹೊಸ ಜಾಗ ತೋರಿಸಿದರೆ ಅರ್ಧ ಗಂಟೆಯ ಕೆಲಸ. ಆದರೆ ಅದನ್ನು ಹೊರತೆಗೆದರೆ ತಪ್ಪು ಒಪ್ಪಿಕೊಂಡ ಹಾಗೆ. ಅವರು ವೈರು ಕಿತ್ತು ಮತ್ತೆ ಸಿಕ್ಕಿಸಿದರು, ಕಂಪ್ಯೂಟರನ್ನು ಆರಿಸಿ ಹಚ್ಚಿದರು, ದೊಡ್ಡ ಮೆಕ್ಯಾನಿಕ್ ಥರ ಹುಬ್ಬು ಗಂಟಿಕ್ಕಿದರು.

ಅವಳು ಕಂಪ್ಯೂಟರ್ ರಿಪೇರಿ ಅಂಗಡಿಯಿಟ್ಟಿದ್ದ ತಂಗಿಯ ಮಗಳಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ದೊಡ್ಡಮ್ಮ, ಹಾಡುಗಳನ್ನ ಯಾರಾದ್ರೂ ಬೇರೆ ಕಡೆ ಸರಿಸಿದ್ರಾ?"

"ಇಲ್ಲಿ ನಾವಿಬ್ಬರೇ ಅಲ್ವೇನೇ. ಯಾರು ಸರಿಸ್ತಾರೆ?"

ಅವರು ಮೌಸನ್ನು ತಿರುಗಿಸಿ ಅದರ ಹೊಟ್ಟೆ ಪರೀಕ್ಷಿಸಿದರು.

"ಹಾಗಾದ್ರೆ ಡಿಸ್ಕೇ ಕೆಟ್ಟಿರಬೇಕು. ತಗೊಂಡ್ಬನ್ನಿ, ಪೂರ್ತಿ ಅಳಿಸಿ ಹೊಸದಾಗಿ ಹಾಕಿಕೊಡ್ತೀನಿ."

ಫೋನಿಟ್ಟ ಅವಳು, "ಇವತ್ತು ಕ್ಲಾಸಿಲ್ಲ ಅಂತ ಎಲ್ಲರಿಗೂ ಹೇಳಿಬಿಡ್ತೀನಿ" ಎಂದು ವೈರು ಬಿಚ್ಚತೊಡಗಿದಳು. ಅವರಿಗೆ ನಾಚಿಕೆಯಾಯಿತು. ಎದ್ದು ಹೋಗಿ ರಿಜಿಸ್ಟರ್ ತಂದು ಅವಳ ಮುಂದಿಟ್ಟರು.

ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪುಟ ತಿರುವುತ್ತಾ, "ಎಲ್ಲಿಂದ, ಎಲ್ಲಿಗೆ, ಯಾವತ್ತು. ಎಲ್ಲದಕ್ಕೂ ಖಾನೆ ಇದೆ. ನನ್ನನ್ನ ಕೇಳಿದ್ದಕ್ಕೆ ಮಾತ್ರ ಇಲ್ಲ" ಎಂದಳು. ಆಮೇಲೆ, "ಇಷ್ಟು ಸಾಗಿಸಿದ್ರಲ್ಲ, ಒಂದು ಹಾಡಾದ್ರೂ ಹಾಕಿ ಕೇಳಿದ್ರಾ?"

ಕೇಳಿರಲಿಲ್ಲ.

ಅವರು ರಿಜಿಸ್ಟರ್ ಓದಿದರು, ಅವಳು ಒತ್ತಿದಳು. ನಾಲ್ಕೂ ಇಪ್ಪತ್ತಕ್ಕೆ ಹನ್ನೊಂದನೆಯದೂ ಹಾಡಿತು. ಹಾಡುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಕ್ಲಾಸಿಗೆ ಹೊರಡುವ ಮುಂಚೆ ಅವಳು ಸ್ಕೇಲಿಟ್ಟು ರಿಜಿಸ್ಟರಿನಲ್ಲಿ ಹೊಸ ಖಾನೆಗೆ ಗೆರೆ ಎಳೆದು, ಆ ಹನ್ನೊಂದು ಸಾಲಿಗೆ ಸಹಿ ಹಾಕಿದಳು.

"ಮಿಕ್ಕಿದ್ದಕ್ಕೆ ದಿನಕ್ಕೊಂದರ ಹಾಗೆ ಸಹಿ. ಅದೂ ನನ್ನ ಜೊತೆ ಕೂತು ಪೂರ್ತಿ ಹಾಡು ಕೇಳಿದ ಮೇಲೆ."

ಬಾಗಿಲು ಹಾಕಿಕೊಂಡಿತು. ಆರುನೂರ ಒಂದು ದಿನವೆಂದರೆ ಹೆಚ್ಚುಕಡಿಮೆ ಒಂದು ವರ್ಷ ಎಂಟು ತಿಂಗಳು. ನಿವೃತ್ತಿಯಾದ ಮೇಲೆ ಮೊದಲ ಸಲ, ನಾಳೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು.