ಬೀಗರ ಸಾಲು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮುಂದೆ ಹಾಲಿನ ಪ್ಯಾಕೆಟ್ಟುಗಳು ರಾಶಿ ಬಿದ್ದಿದ್ದವು. ಮನೆ ತುಂಬ ಜನ ಇದ್ದಾಗ ಯಾರೋ ಹೇಳಿಸಿದ್ದ ಲೆಕ್ಕ ಅದು. ಜನ ಹೋದರೆಂದು ಹಾಲಿನವನಿಗೆ ಯಾರೂ ಹೇಳಿರಲಿಲ್ಲ.

ಅತ್ತೆ ಬಂದು ನೋಡಿದರು. ಎಲ್ಲವನ್ನೂ ದೊಡ್ಡ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟು, ಎದುರಿಗೇ ನಿಂತುಕೊಂಡರು. ನಾನು ನನ್ನ ಗಂಡನ ಆಫೀಸಿನ ಚೀಲವನ್ನು ಮೇಜಿನ ಮೇಲೆ ತಂದಿಟ್ಟೆ. ಆವತ್ತು ಅವನು ಕೆಲಸಕ್ಕೆ ಹೊರಟವನು ಮೆಟ್ಟಿಲ ಮೇಲೆ ಕುಳಿತ, ಮತ್ತೆ ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಚೀಲವನ್ನು ಪಕ್ಕದ ಮನೆಯವರು ಎತ್ತಿ ಒಳಗಿಟ್ಟಿದ್ದರು. ಊಟದ ಡಬ್ಬಿಯನ್ನು ಯಾರೋ ಆಗಲೇ ತೊಳೆದಿಟ್ಟಿದ್ದರು.

ಒಳಗೆ ಲ್ಯಾಪ್‌ಟಾಪ್ ಇತ್ತು. ಅದರ ಕೆಳಗೆ ಉಕ್ಕಿನ ಅಳತೆ ಟೇಪು. ಕಟ್ಟಡದವರು ಬಳಸುವಂಥದು, ಭಾರ, ಮೈಮೇಲೆಲ್ಲ ಸಿಮೆಂಟಿನ ಕಲೆ, ಪಕ್ಕದಲ್ಲಿ ಕೆಂಪು ಬಣ್ಣ ಬಳಿದ ಗುರುತು. ಟೇಪಿನ ತುದಿಯ ಕೊಕ್ಕೆ ಹಳೆಯದು, ಅದನ್ನು ಹಿಡಿದಿದ್ದ ಮೊಳೆ ಮಾತ್ರ ಹೊಚ್ಚ ಹೊಸದು.

"ಅದು ಮೇಸ್ತ್ರೀದು," ಎಂದರು ಅತ್ತೆ. "ಕೊಕ್ಕೆ ಅಲ್ಲಾಡ್ತಿದೆ, ಸರಿ ಮಾಡಿ ಕೊಡಬೇಕು ಅಂತ ಹಿಂದಿನ ರಾತ್ರಿ ಕೂತಿದ್ದ. ಸೂಜಿ ಇಸ್ಕೊಂಡ್ರೂ ದಾರ ಪೋಣಿಸಿ ಕೊಡೋನು ಅವನು."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಅಳು ಬರಲಿಲ್ಲ. ಮೊದಲ ದಿನದಿಂದಲೂ ಬಂದಿರಲಿಲ್ಲ. ಬಂದವರು ಅದನ್ನು ಗಮನಿಸಿದ್ದರು. ಕೆಲವರು ನನ್ನ ಕಿವಿಗೆ ಬೀಳುವಂತೆ ಆಡಿಯೂ ಹೋಗಿದ್ದರು. ಹುಡುಗಿ ಕಲ್ಲು, ಓದಿದವರೇ ಹಾಗೆ ಎಂದು.

ಹಾಲು ಉಕ್ಕಿ ಇಳಿಸಿದ ಮೇಲೆ ಫೋನು ಬಂತು. ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗಿ. ಅವನು ಅವಳನ್ನು ಚೂಟಿ ಎಂದು ಕರೆಯುತ್ತಿದ್ದ, ನಮ್ಮ ಮನೆಯಲ್ಲೂ ಅವಳಿಗೆ ಅದೇ ಹೆಸರು. ಲ್ಯಾಪ್‌ಟಾಪ್ ಆಫೀಸಿನದು, ಯಾರನ್ನಾದರೂ ಕಳಿಸಲೇ ಎಂದು ಹಿಂಜರಿದು ಕೇಳಿದಳು. ನಾನೇ ತರುತ್ತೇನೆ, ಮೇಸ್ತ್ರಿಯ ಟೇಪನ್ನೂ ಕೊಡುವುದಿದೆ ಎಂದೆ. ಆದರೂ ಅವಳು ಫೋನು ಇಡಲಿಲ್ಲ.

"ಅಕ್ಕ, ಇಲ್ಲಿ ಎಲ್ಲ ಹಸಿರಾಗಿದೆ."

"ಒಳ್ಳೇದಲ್ವಾ?"

"ಸರ್ ಇದ್ದಾಗ ಒಂದು ದಿನಾನೂ ಎಲ್ಲ ಹಸಿರು ಇರ್ಲಿಲ್ಲ. ಇವತ್ತು ಊಟ ಆದ್ಮೇಲೆ ಎರಡನೇ ಮಹಡಿ ಗೋಡೆ ಮುಚ್ಚೋಕೆ ನಾನು ಸಹಿ ಹಾಕಬೇಕು. ಕೈ ಬರ್ತಿಲ್ಲ."

ಅವನ ಕೆಲಸ ಏನೆಂದು ಇಲ್ಲಿ ಹೇಳಬೇಕು. ಹಳೆಯ ಆಸ್ಪತ್ರೆಯ ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಗೋಡೆ, ಚಾವಣಿ ಕಟ್ಟುವವರಿಗೆ ಒಂದು ಯೋಜನೆ, ವಿದ್ಯುತ್ತಿನವರಿಗೆ ಒಂದು, ಯಂತ್ರ ತರಿಸುವವರಿಗೆ ಒಂದು, ಹಳೆಯ ವಾರ್ಡುಗಳನ್ನು ಸಾಗಿಸುವವರಿಗೆ ಮತ್ತೊಂದು. ಕಂಪ್ಯೂಟರಿನಲ್ಲಿ ಪ್ರತಿಯೊಂದೂ ಬೇರೆ ಫೈಲು, ಪ್ರತಿಯೊಂದಕ್ಕೂ ಬೇರೆ ಯಜಮಾನರು. ಆದರೆ ಇವರ ಕೆಲಸ ಮುಗಿಯದೆ ಅವರದು ಶುರುವಾಗದ ಜಾಗಗಳಿರುತ್ತವೆ. ಆ ಜಾಗಗಳನ್ನು ಹುಡುಕಿ ಎರಡು ಯೋಜನೆಗಳ ನಡುವೆ ಕೊಂಡಿ ಹಾಕುವುದು ಅವನ ಕೆಲಸ. ಕೊಂಡಿ ಹಾಕಿದರೆ ಆ ಯೋಜನೆಯ ಕೆಲಸ ಈ ಯೋಜನೆಯಲ್ಲಿ ಬೂದು ಬಣ್ಣದ ಒಂದು ಸಾಲಾಗಿ ಬಂದು ಕೂರುತ್ತದೆ. ನೋಡಬಹುದು, ಮುಟ್ಟುವಂತಿಲ್ಲ. ಅಲ್ಲಿ ಅದು ತಡವಾದರೆ ಇಲ್ಲಿ ಅದಕ್ಕಾಗಿ ಕಾಯುತ್ತಿರುವ ಕೆಲಸ ತಾನಾಗಿ ಮುಂದಕ್ಕೆ ಸರಿಯುತ್ತದೆ. ಗಡುವಿನೊಳಗಿದ್ದರೆ ಹಸಿರು, ದಾಟಿದರೆ ಕೆಂಪಾಗುತ್ತದೆ.

ಅವನು ಅದನ್ನು ಬೀಗರ ಸಾಲು ಎನ್ನುತ್ತಿದ್ದ. ಬೀಗರು ಬಂದು ನಡುಮನೆಯಲ್ಲಿ ಕೂತರೆ, ಸ್ವಲ್ಪ ಆಚೆ ಸರಿಯಿರಿ ಎನ್ನಲಾದೀತೇ? ಅವರು ಏಳುವವರೆಗೆ ನಾವು ಕಾಯಬೇಕು. ಕೊನೆಗೆ ಆಫೀಸಿನವರು ಅವನಿಗೇ ಬೀಗರು ಎಂದು ಹೆಸರಿಟ್ಟರು. ಮುಖ್ಯ ಎಂಜಿನಿಯರರು ಕೂಡ ಹಾಗೇ ಕರೆಯುತ್ತಿದ್ದರು. ಇಷ್ಟೆಲ್ಲ ಕೊಂಡಿ ಯಾಕೆ, ಎಲ್ಲವನ್ನೂ ಸೇರಿಸಿ ಒಂದೇ ಯೋಜನೆ ಮಾಡಿಬಿಡಿ ಎಂದು ಅವರು ಹೇಳಿದ್ದರಂತೆ. ಒಂದೇ ಒಲೆ ಹೂಡಿದರೆ ಸೌಟಿಗೆ ಜಗಳವಾಗುತ್ತದೆ, ಒಲೆ ಬೇರೆ ಇರಲಿ, ಬೀಗತನ ಗಟ್ಟಿಯಿರಲಿ ಎಂದನಂತೆ ಇವನು. ಹಾಗೆಂದು ಕಂಡಕಂಡಲ್ಲಿ ಕೊಂಡಿ ಹಾಕುತ್ತಿರಲಿಲ್ಲ. ಎಲ್ಲವನ್ನೂ ಎಲ್ಲಕ್ಕೂ ಕಟ್ಟಿದರೆ ಒಬ್ಬ ಸೀನಿದಾಗ ಊರಿಗೆಲ್ಲ ನೆಗಡಿ. ನಿಜವಾಗಿ ಯಾರು ಯಾರಿಗೆ ಕಾಯುತ್ತಾರೋ ಅಲ್ಲಿ ಮಾತ್ರ. ಅದೂ ಎರಡು ಕಡೆಯವರನ್ನು ಎದುರುಬದುರು ಕೂರಿಸಿ, ಚಹಾ ತರಿಸಿ, ನೀವು ಕೊಡುವುದೇನು, ಇವರು ಕಾಯುವುದೇನು ಎಂದು ಬಾಯಿಬಿಟ್ಟು ಹೇಳಿಸಿದ ಮೇಲೆ. ಆಫೀಸಿನಲ್ಲಿ ಅದಕ್ಕೆ ಬೀಗರ ಚಹಾ ಎಂದೇ ಹೆಸರು. ಆ ಚಹಾ ಕುಡಿದವರು ಮಾತು ತಪ್ಪಲು ನಾಚುತ್ತಿದ್ದರು.

ಮನೆಗೆ ಬಂದು ಇದನ್ನೆಲ್ಲ ನನಗೆ ಹೇಳುತ್ತಿದ್ದ. ನಾನು ಓದಿದ್ದೂ ಕಾಲೇಜಿನಲ್ಲಿ ಕಲಿಸುವುದೂ ಗಣಿತ. ಬಿಂದುವಿನಿಂದ ಬಿಂದುವಿಗೆ ಬಾಣ ಎಳೆಯುವುದು ನನಗೆ ಹೊಸದಲ್ಲ. ಬಾಣ ಎಳೆಯುವ ಮೊದಲು ಚಹಾ ತರಿಸುವವನನ್ನು ಮಾತ್ರ ನಾನು ಬೇರೆಲ್ಲೂ ನೋಡಿಲ್ಲ.

ಆಫೀಸೆಂದರೆ ಕಟ್ಟಡದ ಎದುರಿನ ತಗಡಿನ ಕೋಣೆ. ಬಾಗಿಲ ಬಳಿ ಕೆಸರು ಮೆತ್ತಿದ ಬೂಟುಗಳು, ಗೋಡೆಗೆ ತೂಗುಹಾಕಿದ ಹಳದಿ ಟೊಪ್ಪಿಗೆಗಳು, ಸದ್ದು ಮಾಡುವ ಫ್ಯಾನು. ನಾನು ಒಳಗೆ ಬಂದಾಗ ಎಲ್ಲರೂ ಎದ್ದುನಿಂತರು, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಒಬ್ಬೊಬ್ಬರಾಗಿ ಕುಳಿತರು. ಚೂಟಿ ಅವನ ಕುರ್ಚಿಯಲ್ಲಿದ್ದಳು. ಅವಳ ಪಾದ ನೆಲಕ್ಕೆ ತಾಗುತ್ತಿರಲಿಲ್ಲ.

"ಕುರ್ಚಿ ಇಳಿಸ್ಕೋಬಾರ್ದಾ?" ಎಂದೆ.

"ಸರ್ ಕೂತಿದ್ದ ಎತ್ತರ ಅಕ್ಕ. ಹೇಗೆ ಇಳಿಸ್ಲಿ?"

ಲ್ಯಾಪ್‌ಟಾಪ್ ಕೊಟ್ಟೆ. ಅವಳು ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಉದ್ದಕ್ಕೂ ಹಸಿರು ಪಟ್ಟಿಗಳು, ನಡುನಡುವೆ ಬೂದು ಸಾಲುಗಳು. ಮುಖ್ಯ ಎಂಜಿನಿಯರರು ಇದನ್ನು ನೋಡಿ ಸಂತೋಷಪಟ್ಟು, ಆಸ್ಪತ್ರೆಯವರಿಗೂ ತಿಳಿಸಿದ್ದಾರೆ ಎಂದಳು. ಅವಳು ಮಾತ್ರ ಎರಡು ದಿನದಿಂದ ಇದನ್ನೇ ನೋಡುತ್ತ ಕೂತಿದ್ದಳು. ಏನು ತಪ್ಪಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಏನೋ ತಪ್ಪಿದೆ ಎಂದು ಗೊತ್ತಿತ್ತು. ಅದನ್ನು ಕಲಿಸುವುದು ಕಷ್ಟ. ಅವನು ಕಲಿಸಿದ್ದ, ಇವಳು ಕಲಿತಿದ್ದಳು.

ನಾನು ಬಂದದ್ದಕ್ಕೆ ಏನಾದರೂ ತೋರಿಸಬೇಕೆಂದೋ ಏನೋ, ಅವಳು ಒಂದು ಫೋಲ್ಡರ್ ತೆರೆದಳು. ಅದರ ಮೇಲೆ ಅವನ ಹೆಸರಿತ್ತು.

"ಸರ್ ಫೈಲುಗಳು ಅಲ್ಲೊಂದು ಇಲ್ಲೊಂದು ಇದ್ವು. ಹೆಸರುಗಳೂ ಏನೇನೋ. ಮಣ್ಣಿಗೆ ಬಂದು ಹೋದ ದಿನ ಮನಸ್ಸು ತಡೀಲಿಲ್ಲ ಅಕ್ಕ. ಎಲ್ಲಾನೂ ತಂದು ಇಲ್ಲಿ ಒಟ್ಟಿಗೆ ಇಟ್ಟೆ. ಒಂದೊಂದಕ್ಕೂ ಚಂದದ ಹೆಸರು ಕೊಟ್ಟೆ. ಈಗ ಎಲ್ಲರೂ ಇಲ್ಲಿಂದಾನೇ ತೆಗೀತಾರೆ."

ನನಗೆ ಹಾಲು ನೆನಪಾಯಿತು. ಈಗಿನ ಮನೆಗೆ ಬಂದ ಹೊಸದರಲ್ಲಿ ಹಾಲಿನವನಿಗೆ ಹೇಳುವುದನ್ನು ಮರೆತಿದ್ದೆವು. ನಮ್ಮ ಹಾಲು ಹಳೆಯ ಮನೆಯ ಬಾಗಿಲಿಗೇ ಬೀಳುತ್ತಿತ್ತು. ಅಲ್ಲಿಗೆ ಬಂದ ಹೊಸ ಬಾಡಿಗೆಯವರು ಯಾರಿಗೂ ಹೇಳದೆ ಕುಡಿದುಕೊಂಡಿದ್ದರು. ಅವನು ನಕ್ಕು, ನಮ್ಮ ಕೊಂಡಿಯೂ ಹೀಗೇ, ಅದಕ್ಕೆ ಬಾಗಿಲು ಗೊತ್ತು, ಮನುಷ್ಯರು ಗೊತ್ತಿಲ್ಲ ಎಂದಿದ್ದ. ಆ ಕಥೆಯನ್ನು ಆಫೀಸಿನಲ್ಲೂ ಹೇಳಿದ್ದ.

ಜಾಗ ಬದಲಿಸಿದ ಮೇಲೆ ಫೈಲು ತೆರೆದಾಗ ಕಂಪ್ಯೂಟರು ಏನಾದರೂ ಕೇಳಿತೇ ಎಂದೆ.

"ಕೇಳ್ತು. ಏನೋ ಸಿಗ್ತಿಲ್ಲ ಅಂತು. ಅಳ್ತಿದ್ದೆ, ಸರಿಯಾಗಿ ಓದ್ಲಿಲ್ಲ. ಎಲ್ಲದಕ್ಕೂ ಸರಿ ಒತ್ತಿದೆ."

"ಹಾಲು ಹಳೇ ಬಾಗಿಲಿಗೆ ಬೀಳ್ತಿದೆ ಚೂಟಿ."

ಅವಳು ನನ್ನನ್ನು ನೋಡಿದಳು. ನಂತರ ಪರದೆಯನ್ನು. ಕೊಂಡಿಗಳು ತುಂಡಾಗಿದ್ದವು. ಪ್ರತಿಯೊಂದು ಬೂದು ಸಾಲೂ ತನಗೆ ಕೊನೆಯ ಬಾರಿ ತಿಳಿದಿದ್ದ ತಾರೀಖನ್ನೇ ಹಿಡಿದುಕೊಂಡು ಕುಳಿತಿತ್ತು. ಆ ದಿನದಿಂದ ಈಚೆಗೆ ಒಂದು ಯೋಜನೆಯ ಸುದ್ದಿ ಇನ್ನೊಂದಕ್ಕೆ ಮುಟ್ಟಿರಲಿಲ್ಲ. ಯಾರೂ ಯಾರಿಗೂ ಕಾಯುತ್ತಿರಲಿಲ್ಲ, ಅದಕ್ಕೇ ಎಲ್ಲ ಹಸಿರು. ಗೌರವಕ್ಕೆಂದು ಮಾಡಿದ ಕೆಲಸ ಅವನು ಕಟ್ಟಿದ್ದನ್ನು ಬಿಚ್ಚಿಹಾಕಿತ್ತು.

ಚೂಟಿ ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಕುರ್ಚಿಯ ಕೆಳಗೆ ಕೈ ಹಾಕಿ ಹಿಡಿ ಒತ್ತಿದಳು. ಕುರ್ಚಿ ಉಸಿರು ಬಿಟ್ಟಂತೆ ಇಳಿಯಿತು. ಪಾದಗಳನ್ನು ನೆಲಕ್ಕೆ ಊರಿಕೊಂಡು ಕೊಂಡಿಗಳ ಪಟ್ಟಿಯನ್ನು ತೆರೆದಳು. ಒಂದೊಂದರ ಎದುರಿಗೂ ಹಳೆಯ ವಿಳಾಸ ಹಾಗೇ ಇತ್ತು. ಅದನ್ನು ಅಳಿಸಿ ಹೊಸದನ್ನು ತೋರಿಸುತ್ತ ಹೋದಳು. ಕೆಲವು ಸಾಲು ಅಲುಗಲಿಲ್ಲ. ಒಂದೆರಡು ಸ್ವಲ್ಪ ಸರಿದು ಹಸಿರಾಗಿಯೇ ಉಳಿದವು. ಹೊರಗೆ ಸಿಮೆಂಟು ಕಲಸುವ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು.

ಆಮೇಲೆ ಎರಡನೇ ಮಹಡಿಯ ಸರದಿ ಬಂತು. 'ಸ್ಕ್ಯಾನಿಂಗ್ ಯಂತ್ರ ಒಳಗೆ ಬಂತು' ಎನ್ನುವ ಬೂದು ಸಾಲು, ಹೋದ ವಾರದ ತಾರೀಖಿನಲ್ಲಿ ಕೂತಿದ್ದದ್ದು, ಒಂದೇ ನೆಗೆತಕ್ಕೆ ಮುಂದಿನ ತಿಂಗಳಿಗೆ ಹೋಯಿತು. ಅದರ ಕೆಳಗಿದ್ದ 'ಹಿಂಬದಿ ಗೋಡೆ ಮುಚ್ಚುವುದು' ಅದರ ಹಿಂದೆಯೇ ಹೋಯಿತು. ಗಿಲಾವು ಹೋಯಿತು, ಬಣ್ಣ ಹೋಯಿತು, ವಾರ್ಡು ಸಾಗಿಸುವುದು ಹೋಯಿತು. ಎಲ್ಲ ಕೆಂಪು.

ಯಂತ್ರ ಇನ್ನೂ ಬಂದರಿನಲ್ಲೇ ಇತ್ತು. ತರಿಸುವವರು ಅದನ್ನು ತಮ್ಮ ಯೋಜನೆಯಲ್ಲಿ ಪ್ರಾಮಾಣಿಕವಾಗಿಯೇ ಬರೆದಿದ್ದರು. ಬೀಗರ ಕೊಂಡಿ ಇದೆಯಲ್ಲ, ಗೋಡೆಯವರಿಗೆ ತಾನಾಗಿ ತಿಳಿಯುತ್ತದೆ ಎಂದು ಬೇರೆ ಹೇಳಿರಲಿಲ್ಲ. ಆ ಯಂತ್ರ ಲಿಫ್ಟಿನಲ್ಲಿ ಹಿಡಿಯುವುದಿಲ್ಲ, ಮೆಟ್ಟಿಲಲ್ಲಿ ತಿರುಗುವುದಿಲ್ಲ. ಹಿಂಬದಿಯ ಗೋಡೆಯಲ್ಲಿ ಬಿಟ್ಟ ಕಂಡಿಯೊಂದೇ ಅದಕ್ಕೆ ದಾರಿ. ಮುಚ್ಚಿದ್ದರೆ ಮತ್ತೆ ಒಡೆಯಬೇಕಿತ್ತು. ಹಳೆಯ ಆಸ್ಪತ್ರೆಯ ಯಂತ್ರ ಆಗಲೇ ಕೆಟ್ಟು ನಿಂತುಹೋಗಿತ್ತು. ರೋಗಿಗಳನ್ನು ವ್ಯಾನಿನಲ್ಲಿ ಬೇರೆ ಊರಿಗೆ ಕಳಿಸುತ್ತಿದ್ದರು. ಗೋಡೆ ಒಡೆದು ಕಟ್ಟುವವರೆಗೂ ಅವರು ಹಾಗೇ ಓಡಾಡಬೇಕಿತ್ತು.

ನಾನು ಪರದೆಯನ್ನೇ ನೋಡುತ್ತಿದ್ದೆ. ಆ ಯಂತ್ರಕ್ಕೆ ಅವನು ಕೊಂಡಿ ಹಾಕಿದ ಕಡೆಯಲ್ಲೆಲ್ಲ ಕೆಂಪು ಹಾದುಹೋಗಿತ್ತು. ಹಾಕದ ಕಡೆ ಒಂದು ಸಾಲೂ ಅಲುಗಿರಲಿಲ್ಲ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅವನಿಲ್ಲದೆ, ಅವನು ಹೇಳಿದಂತೆಯೇ ಎಲ್ಲ ಸರಿದು ನಿಂತಿತ್ತು.

"ಚಂದ ಇದೆ," ಎಂದೆ.

ಚೂಟಿಗೆ ಅರ್ಥವಾಗಲಿಲ್ಲ. ಇಷ್ಟು ಕೆಂಪು ನೋಡಿ ಚಂದ ಎನ್ನುತ್ತಾಳಲ್ಲ ಎಂದುಕೊಂಡಿರಬೇಕು. ನನ್ನ ಕೆನ್ನೆ ಒದ್ದೆಯಾಗಿದ್ದು ನನಗೇ ತಡವಾಗಿ ತಿಳಿಯಿತು.

ಅವಳು ನೇರ ಮುಖ್ಯ ಎಂಜಿನಿಯರರ ಮೇಜಿಗೆ ಹೋದಳು. ಫೈಲು ಸರಿಸಿದ್ದು ನಾನು, ಓದದೆ ಒತ್ತಿದ್ದು ನಾನು, ಗೋಡೆ ನಿಲ್ಲಿಸಬೇಕು ಎಂದಳು. ಯಾರ ಹಿಂದೆಯೂ ಅಡಗಲಿಲ್ಲ. ಅವರು ಎದ್ದು ಬಂದು ಪರದೆಯನ್ನು ಬಹಳ ಹೊತ್ತು ನೋಡಿದರು. ಆಸ್ಪತ್ರೆಯವರಿಗೆ ಈಗ ಏನು ಹೇಳುವುದು ಎಂದು ತಮ್ಮಷ್ಟಕ್ಕೆ ಗೊಣಗಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬೀಗರು ಹೋದ್ರೂ ಬೀಗತನ ಬಿಡ್ಲಿಲ್ಲಮ್ಮ," ಎಂದರು.

ಚೂಟಿ ಒಂದು ಹಳದಿ ಟೊಪ್ಪಿಗೆ ತಾನು ಹಾಕಿಕೊಂಡು ಇನ್ನೊಂದನ್ನು ನನಗೆ ಕೊಟ್ಟಳು. ಲಿಫ್ಟು ಇನ್ನೂ ಕೂರಿಸಿರಲಿಲ್ಲ. ಕಂಬಿ ಇಲ್ಲದ ಮೆಟ್ಟಿಲು ಹತ್ತಿ ಮೇಲೆ ಹೋದೆವು. ಎರಡನೇ ಮಹಡಿಯ ಕೊನೆಗೆ, ಗೋಡೆ ಇರಬೇಕಾದ ಕಡೆ ಆಕಾಶ ಕಾಣುತ್ತಿತ್ತು. ಸಹಿ ಹೇಗೂ ಬರುತ್ತದೆಂದು ಕಂಡಿಯ ಬುಡದಲ್ಲಿ ಆಗಲೇ ಇಟ್ಟಿಗೆ ಜೋಡಿಸಿಟ್ಟಿದ್ದರು. ಕೆಲಸಗಾರರು ಪಕ್ಕದಲ್ಲಿ ಊಟಕ್ಕೆ ಕೂತಿದ್ದರು.

ಗೋಡೆ ಈಗ ಬೇಡ, ಇಟ್ಟಿಗೆ ತೆಗೆಸಿ ಎಂದಳು ಚೂಟಿ.

"ಬೆಳಿಗ್ಗೆ ಕಟ್ಟು, ಮಧ್ಯಾಹ್ನ ಬಿಚ್ಚು," ಎಂದರು ಮೇಸ್ತ್ರಿ. ತಲೆಗೆ ಟವೆಲು ಸುತ್ತಿದ್ದ ಹಿರಿಯರು. "ಇದೇನು ಗೋಡೇನಮ್ಮ, ನಿಮ್ಮ ಜಡೇನಾ?" ಒಳಗಿನ ಕೋಣೆಗೆ ಯಂತ್ರದವರು ಅಡ್ಡ ಹಲಗೆ ಬಡಿದಿದ್ದರು, ಒಳಗೇನಿದೆ ಎಂದು ಕಾಣುತ್ತಿರಲಿಲ್ಲ. ತಾವಿಲ್ಲದಾಗ ಯಂತ್ರ ಯಾವಾಗಲೋ ಒಳಗೆ ಹೋಗಿರಬೇಕೆಂದು ಮೇಸ್ತ್ರಿ ತಿಳಿದಿದ್ದರು. ಬಂದಿಲ್ಲ ಎಂದಾಗ ಇಟ್ಟಿಗೆಯನ್ನೂ ಚೂಟಿಯನ್ನೂ ನೋಡಿದರು.

ಆಮೇಲೆ ನನ್ನನ್ನು ಕಂಡರು. ಕೈಯನ್ನು ಟವೆಲಿನಿಂದ ಒರೆಸಿಕೊಂಡು ನಿಂತರು.

"ನಿಮ್ಮ ಟೇಪು," ಎಂದು ಚೀಲದಿಂದ ತೆಗೆದೆ.

ಅವರು ಕೂಡಲೇ ತೆಗೆದುಕೊಳ್ಳಲಿಲ್ಲ. "ಈ ಕಂಡಿ ಅಳೆಯೋಕೇ ಇಸ್ಕೊಂಡಿದ್ದು ಅವರು," ಎಂದರು. "ನಕ್ಷೇಲಿ ಅಳತೆ ಬರೆದಿದೆಯಲ್ಲ ಸ್ವಾಮಿ ಅಂದೆ. ಬೀಗರು ಬರೋ ಬಾಗಿಲು ಮೇಸ್ತ್ರಿ, ಕೈಯಾರೆ ಅಳೀಬೇಕು ಅಂದ್ರು. ಅಳೆದು, ಕೊಕ್ಕೆ ಸಡಿಲ ಇದೆ, ನಾಳೆ ಕೊಡ್ತೀನಿ ಅಂತ ತಗೊಂಡು ಹೋದ್ರು. ಅವತ್ತಿಂದ ನಾನು ಕಣ್ಣಳತೇಲೇ ಕಟ್ಟಿದೀನಿ. ಆ ಕಡೆ ಗೋಡೆ ಸ್ವಲ್ಪ ವಾಲಿದ್ರೆ ಅವರನ್ನೇ ಕೇಳಬೇಕು."

ಊಟಕ್ಕೆ ಕೂತವರಲ್ಲಿ ಒಬ್ಬ ನಕ್ಕು, ನಕ್ಕದ್ದು ತಪ್ಪಾಯಿತೇನೋ ಎಂದು ತಲೆ ತಗ್ಗಿಸಿದ. ನನಗೂ ನಗು ಬಂದಿತ್ತು.

ಟೇಪನ್ನು ಅವರ ಅಂಗೈಯಲ್ಲಿಟ್ಟೆ. ಅವರು ಕೊಕ್ಕೆಯನ್ನು ಕಂಡಿಯ ಅಂಚಿಗೆ ಸಿಕ್ಕಿಸಿ ಆ ಕೊನೆಯವರೆಗೆ ಎಳೆದುಕೊಂಡು ಹೋದರು. ಅದು ಅಲುಗಾಡಲಿಲ್ಲ. ಅಳತೆಯನ್ನು ಒಮ್ಮೆ ನೋಡಿ, ಸರಿಯಿದೆ ಎಂಬಂತೆ ತಲೆಯಾಡಿಸಿ, ಟೇಪನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.