ತೊಕ್ಕಿನ ಫೋಟೊ

ಕೊರಟಗೆರೆ ಕಡೆಯ ಒಂದು ಊರಿನ ಮಹಿಳಾ ಸಂಘದ ಕೋಣೆಯಲ್ಲಿ ಕೂತು ಸುನಿತಾ, ಸಂಘದ ಹೆಂಗಸರೆಲ್ಲ ಸಾಲಾಗಿ ನಿಂತಿದ್ದ ಫೋಟೊವನ್ನು ಮೊಬೈಲಿನಲ್ಲಿ ಮತ್ತೊಮ್ಮೆ ಹಾಕಿ ನೋಡಿದಳು. ಮನೆಯಡುಗೆ ಮಾರುವವರ ಆನ್‌ಲೈನ್ ವೇದಿಕೆ ಅದನ್ನು ಮತ್ತೆ ವಾಪಸು ತಳ್ಳಿತು. ಫೋಟೊ ತೀರಾ ದೊಡ್ಡದಂತೆ, ಸೈಜು ಇಳಿಸಬೇಕಂತೆ.

"ಅಂಗಾದ್ರೆ ಆ ಕೊನೇಲಿ ಒಸಿ ಕತ್ತರಿಸ್ಬುಡಮ್ಮ," ಎಂದರು ಸಂಘದ ಅಧ್ಯಕ್ಷೆ ಶಿವರುದ್ರಮ್ಮ, ಏನೂ ಅಲ್ಲದ ಮಾತಿನಂತೆ.

ಫೋಟೊದ ಆ ಕೊನೆಯಲ್ಲಿ ತೊಕ್ಕಿನ ಜಾಡಿ ಹಿಡಿದು ನಿಂತಿದ್ದವಳು ದಾಸಮ್ಮ, ಸುನಿತಾಳ ತಾಯಿ. ಮಾರಾಟಕ್ಕಿದ್ದ ಹುಣಸೆ ತೊಕ್ಕು ಅವಳು ತನ್ನ ಮನೆಯಲ್ಲೇ ಅರೆದು ತಂದದ್ದು. ಅದೆಷ್ಟು ಘಮಘಮ ಅಂದರೂ ಸಂಘದ ಮೇಲ್ಕೇರಿ ಹೆಂಗಸರು ಒಬ್ಬರೂ ಅದನ್ನು ಮನೆಗೆ ಒಯ್ದು ಉಂಡವರಲ್ಲ. ಮಾರುವುದಕ್ಕೆ ಮಾತ್ರ ಯಾವ ಮೈಲಿಗೆಯೂ ಅಡ್ಡ ಬಂದಿರಲಿಲ್ಲ.

"ಕತ್ತರಿಸೋದು ಬ್ಯಾಡಮ್ಮ. ಎಲ್ರನ್ನೂ ಇಟ್ಕೊಂಡೇ ಚಿಕ್ಕದು ಮಾಡ್ಬೌದು," ಎಂದಳು ಸುನಿತಾ.

"ನಂಗೇನೂ ಇಲ್ಲ ಕಣಮ್ಮ. ಸುತ್ತಮುತ್ತಲ ಊರೋರೂ ನೋಡ್ತಾರೆ. ಇವ್ರ ಕೈ ತೊಕ್ಕಾ ಅಂದ್ಬುಟ್ರೆ ಎಲ್ರ ಕೆಲ್ಸಾನೂ ನಿಂತೋಗ್ತೈತೆ. ನಿಮ್ಮವ್ವಂದೂ ಸೇರಿ."

ಬಾಗಿಲ ಬಳಿ ನಿಂತಿದ್ದ ದಾಸಮ್ಮ ತಲೆ ಎತ್ತಲಿಲ್ಲ. "ಅವ್ರು ಹೇಳ್ದಂಗೆ ಮಾಡ್ಬುಡು ಮಗ," ಎಂದಳು.

ಸುನಿತಾ ಫೋಟೊದ ಅಂಚನ್ನು ಒಳಕ್ಕೆ ಎಳೆದಳು. ಹೆತ್ತವಳ ಮುಖವನ್ನು ತನ್ನ ಬೆರಳಿನಿಂದಲೇ ಅಳಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಶಿವರುದ್ರಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇನ್ನೂ ಕೈ ಕಾಣ್ತೈತಲ್ಲ. ಅದ್ನೂ ತೆಗಿ."

"ಜಾಡಿ ಹಿಡ್ಕೊಂಡಿರೋದೇ ಆ ಕೈ ಅಮ್ಮ. ತೆಗುದ್ರೆ ತೊಕ್ಕೂ ಹೋಗ್ತೈತೆ."

"ಅಂಗಾದ್ರೆ ಇನ್ನೊಂದು ಫೋಟೊ ತೆಗಿ. ಜಾಡಿ ನಾನ್ ಹಿಡ್ಕೊಂತೀನಿ. ದಾಸಮ್ಮ, ಅದ್ನ ಮೇಜಿನ ಮ್ಯಾಲಿಡು. ಕೈಗೆ ಕೊಡಬ್ಯಾಡ, ನಾನೇ ಎತ್ಕೊಂತೀನಿ."

ದಾಸಮ್ಮ ಕಾಲ ಬಳಿ ಇಟ್ಟಿದ್ದ ಜಾಡಿ ಎತ್ತಿಕೊಂಡಳು. ಸೆರಗಿನಿಂದ ಅದರ ಬಾಯಿ ಒರೆಸಿದಳು. ಮೇಜಿನ ಕಡೆಗೆ ಮಾತ್ರ ಹೋಗಲಿಲ್ಲ.

"ಮೊಕ ಬ್ಯಾಡ ಅಂದ್ರಿ, ಸುಮ್ಕಿದ್ದೆ. ಕೈಯೂ ಬ್ಯಾಡ ಅಂದ್ಮ್ಯಾಕೆ ತೊಕ್ಕು ಯಾಕವ್ವ ನಿಮ್ಗೆ?"

ಅಷ್ಟು ಹೇಳಿ ಜಾಡಿಯನ್ನು ಸೊಂಟಕ್ಕಿಟ್ಟುಕೊಂಡು ಹೊರಟೇಬಿಟ್ಟಳು.

ಶಿವರುದ್ರಮ್ಮ ಸುನಿತಾಳ ಕಡೆ ತಿರುಗಿದರು. "ನಿಮ್ಮವ್ವಂಗೆ ನೀನಾದ್ರೂ ಹೇಳಮ್ಮ," ಎಂದರು.

ಸುನಿತಾ ತಾಯಿಯನ್ನು ಕರೆಯಲಿಲ್ಲ. ಅಂಚನ್ನು ಇನ್ನಷ್ಟು ಒಳಕ್ಕೆ ಎಳೆದಳು. ಕೈ ಹೋಯಿತು, ಜಾಡಿಯೂ ಹೋಯಿತು, ಸಾಲಾಗಿ ನಿಂತು ನಗುತ್ತಿದ್ದ ಹೆಂಗಸರು ಮಾತ್ರ ಉಳಿದರು. ಈ ಸಲ ವೇದಿಕೆ ಫೋಟೊವನ್ನು ಒಪ್ಪಿಕೊಂಡಿತು. ಅವಳು ಮೊಬೈಲನ್ನು ಶಿವರುದ್ರಮ್ಮನ ಮುಂದಿಟ್ಟು ಎದ್ದು ನಿಂತಳು.

"ಸೈಜು ಸರಿಯಾಯ್ತಮ್ಮ. ಕೆಳಗೆ ಏನ್ ಮಾರ್ತೀರಿ ಅಂತ ಕೇಳ್ತೈತೆ. ಅದನ್ನ ನೀವೇ ಬರೀರಿ."