ಒಂದೇ ಪೊಟ್ಟಣದ ಎರಡು ಅಣಬೆ

ಮೇಷ್ಟ್ರು ಮೂವತ್ತಾರು ವರ್ಷಗಳ ಹಿಂದೆ ಹೆಸರಿಟ್ಟ ಅಣಬೆಯ ಪೊಟ್ಟಣವನ್ನು ಅವರ ಶಿಷ್ಯೆ ಬಿಚ್ಚಿದ್ದು ಒಂದು ಮಂಗಳವಾರ ಬೆಳಿಗ್ಗೆ. ಒಳಗೆ ಎರಡು ಕಂದು ತುಂಡುಗಳಿದ್ದವು. ದೊಡ್ಡದು ಅಂಗೈಯಷ್ಟು, ಚಿಕ್ಕದು ಹೆಬ್ಬೆರಳಿನಷ್ಟು. ಬಿದ್ದ ಮರವನ್ನು ಕೊಳೆಸಿ ತಿನ್ನುವ ಜಾತಿ. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾಗಿ ತೆಗೆದಿಡುವ ಇಂಥ ಪೊಟ್ಟಣವನ್ನು ಸಂಗ್ರಹಾಲಯದಲ್ಲಿ ಮೂಲ ಮಾದರಿ ಎನ್ನುತ್ತಾರೆ. ಮುಂದೆ ಯಾರಿಗಾದರೂ ಅನುಮಾನ ಬಂದರೆ ಕೊನೆಯ ಮಾತು ಅದರದ್ದೇ.

ಅವಳಿಗೆ ಅನುಮಾನವೇನೂ ಇರಲಿಲ್ಲ. ಹೋಲಿಕೆ ಬೇಕಿತ್ತು, ಅಷ್ಟೆ. ತಾನು ನಾಲ್ಕು ವರ್ಷ ಬೆನ್ನುಹತ್ತಿದ ಅಣಬೆ ಹೊಸದು ಎಂದು ಬರೆಯಬೇಕಾದರೆ ಅದು ಹತ್ತಿರದ ನೆಂಟನಿಗಿಂತ ಹೇಗೆ ಬೇರೆ ಎಂದು ತೋರಿಸಬೇಕು. ಆ ನೆಂಟ ಮೇಷ್ಟ್ರ ಅಣಬೆ.

ಮೇಷ್ಟ್ರ ಬರವಣಿಗೆಯ ಪ್ರಕಾರ ಅದರ ಬೀಜಕಣಗಳ ಉದ್ದ ನಾಲ್ಕರಿಂದ ಎಂಟು ಮೈಕ್ರಾನ್. ಅವಳು ಸೂಕ್ಷ್ಮದರ್ಶಕದಡಿ ದೊಡ್ಡ ತುಂಡಿನ ಐವತ್ತು ಕಣ ಅಳೆದಳು. ಒಂದೂ ಐದು ದಾಟಲಿಲ್ಲ. ಚಿಕ್ಕದರ ಐವತ್ತು ಅಳೆದಳು. ಒಂದೂ ಆರೂವರೆಗಿಂತ ಕಡಿಮೆ ಇರಲಿಲ್ಲ. ಊಟ ಬಿಟ್ಟು ಮತ್ತೆ ಐವತ್ತೈವತ್ತು ಅಳೆದಳು. ಚಿಕ್ಕ ತುಂಡು ಅವಳು ಬೆನ್ನುಹತ್ತಿದ್ದ ಅಣಬೆಯೇ. ಮೇಷ್ಟ್ರು ಎರಡು ಪ್ರಭೇದಗಳನ್ನು ಒಂದೆಂದು ತಿಳಿದು, ಎರಡನ್ನೂ ಅಳೆದು, ಒಂದೇ ಸಾಲಿನಲ್ಲಿ ಬರೆದುಬಿಟ್ಟಿದ್ದರು.

ಇದು ಅರ್ಥವಾಗುವ ಇನ್ನೊಬ್ಬ ವ್ಯಕ್ತಿ ಎಂದರೆ ಮೇಷ್ಟ್ರೇ. ಈ ಕುಲದ ಅಣಬೆಗಳ ಮೇಲೆ ಕೆಲಸ ಮಾಡಿದವರು ಅವರಿಬ್ಬರೇ. ಕಣ್ಣು ಹೋದ ಮೇಲೂ ಅವರು ಪ್ರತಿ ಭಾನುವಾರ ಹತ್ತೂವರೆಗೆ ಫೋನ್ ಮಾಡುತ್ತಿದ್ದರು. ಅವಳು ವಾರದಲ್ಲಿ ನೋಡಿದ್ದನ್ನೆಲ್ಲ ಒಪ್ಪಿಸುತ್ತಿದ್ದಳು. ಅವಳಿಗೆ ಐವತ್ತೊಂದು, ಮನೆಯಲ್ಲಿ ಒಬ್ಬಳೇ. ತಂಗಿಯೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದಳು, ಆದರೆ "ಇನ್ನೂ ಆ ಬೂಷ್ಟು ನೋಡ್ಕೊಂಡೇ ಕೂತಿದೀಯೇನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಕ್ಕಳ ಪರೀಕ್ಷೆಗೆ ಹೊರಳುತ್ತಿದ್ದಳು.

ಬರೆದರೆ ಮೇಷ್ಟ್ರ ತಪ್ಪು ಅಚ್ಚಾಗುತ್ತದೆ, ಭಾನುವಾರದ ಮಾತು ಉಳಿಯುತ್ತದೋ ಇಲ್ಲವೋ. ಬರೆಯದಿದ್ದರೆ ಅಣಬೆಗೆ ಹೆಸರಿಲ್ಲ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತನ್ನ ಬಾಯಿಂದಲೇ ಕೇಳಲಿ ಎಂದು ಶನಿವಾರ ಅವರ ಮನೆಗೆ ಹೊರಟಳು.

ಮೂರನೇ ಮಹಡಿ. ಮೇಷ್ಟ್ರ ಮಗಳು ಬಾಗಿಲು ತೆರೆದಳು.

"ಭಾನುವಾರ ನಾಳೆ ಅಲ್ವಾ? ನನಗೇ ದಿನ ತಪ್ಪಿತಾ?" ಮೇಷ್ಟ್ರು ಕುರ್ಚಿಯಿಂದಲೇ ಕೇಳಿದರು.

ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಅಂಕಿಗಳನ್ನು ಎರಡೆರಡು ಸಲ ಹೇಳಿದಳು.

"ಗುರುವಿಗೇ ತಿರುಮಂತ್ರ!" ಅವರ ದನಿ ಏರಿತು. "ಹೊಸದೊಂದಕ್ಕೆ ಹೆಸರಿಡೋ ಆಸೆಗೆ ನನ್ನ ಮುಖಕ್ಕೆ ಮಸಿ ಬಳೀಬೇಕೇನು ಹುಡುಗಿ? ಎಲ್ಲಿ ಮಾದರಿ? ಕೊಡು."

"ತಂದಿಲ್ಲ ಮೇಷ್ಟ್ರೇ. ಸಂಗ್ರಹಾಲಯದಿಂದ ಹೊರಗೆ ತರೋ ಹಾಗಿಲ್ಲ. ಆ ನಿಯಮ ಬರೆದೋರು ನೀವೇ."

"ಬರೀವಾಗ ಬುದ್ಧಿ ಎಲ್ಲಿಟ್ಟಿದ್ನೋ."

ಬದಲಿಗೆ ಅವಳು ತಾನೇ ಸಂಗ್ರಹಿಸಿದ ಎರಡನ್ನು ತಂದಿದ್ದಳು, ದೊಡ್ಡ ತುಂಡಿನ ಪ್ರಭೇದದ್ದೊಂದು, ಚಿಕ್ಕದರದ್ದೊಂದು. ಒಂದೊಂದು ಕೈಗೆ ಒಂದೊಂದು ಇಟ್ಟಳು. ಮೇಷ್ಟ್ರು ಮಗುಚಿ, ಅಡಿಭಾಗದ ರಂಧ್ರಗಳ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ಎಡಗೈಯದರ ಮೇಲೆ ಉಗುರು ಜಾರಿತು. ಬಲಗೈಯದರ ಮೇಲೆ ಕಿರ್ ಎಂದು ಸಿಕ್ಕಿಕೊಂಡಿತು. ಕೈ ಬದಲಿಸಿ ಮತ್ತೆ ಎಳೆದರು.

"ಅಪ್ಪಾ, ಆಮೇಲೆ ಕೈ ತೊಳ್ಕೊಳ್ಳಿ," ಮಗಳು ಅಡುಗೆಮನೆಯಿಂದ ಕೂಗಿದಳು.

"ಒಂದೇ ದಿಮ್ಮಿ ಮೇಲಿದ್ವು," ಎಂದರು ಮೇಷ್ಟ್ರು. "ಅಂಟಿಕೊಂಡು. ಬಣ್ಣಾನೂ ಒಂದೇ. ಹೀಗೆ ಮುಟ್ಟಿ ನೋಡ್ಲಿಲ್ಲ. ಆಗ ಕಣ್ಣಿತ್ತಲ್ಲ."

"ದೊಡ್ಡ ತುಂಡಿಗೆ ನೀವಿಟ್ಟ ಹೆಸರೇ ಇರುತ್ತೆ. ಚಿಕ್ಕದನ್ನ ಮಾತ್ರ ಬೇರೆ ಮಾಡ್ತೀನಿ. ಬರೀಲಾ?"

"ಬೇಡ ಅಂದ್ರೆ ಬಿಡ್ತೀಯಾ?"

"ಇಲ್ಲ," ಎಂದಳು.

"ಮತ್ತೆ ಕೇಳೋ ಶಾಸ್ತ್ರ ಯಾಕೆ? ಬರಿ. ಎಷ್ಟು ಜನ ಓದ್ತಾರೆ ಇದನ್ನ?"

"ಕೂತು ಪೂರ್ತಿ ಓದೋರು ಅಂದ್ರೆ... ಇಬ್ಬರು."

"ನನಗೆ ಕಣ್ಣಿಲ್ಲ. ಒಬ್ಬಳು ಅನ್ನು."

ಅವಳು ನಕ್ಕಳು. ಅವರು ನಗಲಿಲ್ಲ.

ಮಾರನೆಯ ದಿನ ಹತ್ತೂವರೆಗೆ ಫೋನ್ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಆ ಹದಿನೈದು ದಿನದಲ್ಲಿ ಲೇಖನ ಮುಗಿಯಿತು. ಒಂದು ಸಾಲನ್ನು ಮಾತ್ರ ಅವಳು ಆರು ಸಲ ತಿದ್ದಿದ್ದಳು: ‘ಮೂಲ ಮಾದರಿಯಲ್ಲಿ ಎರಡು ಪ್ರಭೇದಗಳು ಬೆರೆತಿವೆ.’ ಬೆರೆಸಿದವರು ಯಾರೆಂದು ಅದರಲ್ಲಿ ಇರಲಿಲ್ಲ.

ಮೂರನೇ ಭಾನುವಾರ ಹನ್ನೊಂದಕ್ಕೆ ಅವಳೇ ಫೋನ್ ಮಾಡಿದಳು. ಮಗಳು ಎತ್ತಿದಳು.

"ಅಪ್ಪ ಮಲಗಿದಾರೆ ಅಕ್ಕಾ."

"ಈ ಹೊತ್ತಲ್ಲಾ? ಹುಷಾರಿಲ್ವಾ?"

"ಹುಷಾರಾಗಿದಾರೆ." ಅತ್ತ ಕಡೆ ಯಾರೋ ಕೆಮ್ಮಿದರು. ಮಗಳು ದನಿ ತಗ್ಗಿಸಿದಳು. "ಮಲಗಿದಾರೆ ಅಂತ ಹೇಳು ಅಂದ್ರು."

"ಸರಿ," ಎಂದಳು ಅವಳು.

ಸೋಮವಾರ ಕಚೇರಿಗೆ ಹೋಗಿ ಆ ಸಾಲನ್ನು ಇನ್ನೊಮ್ಮೆ ಓದಿದಳು. ತಪ್ಪಿರಲಿಲ್ಲ. ಲೇಖನ ಕಳಿಸಿದಳು.